ತಲೆ ಕಡೆಯ ಹಗ್ಗ

ಅತ್ತೆ ಭಾನುವಾರ ಬಟ್ಟೆ ಒಣಹಾಕಿದ್ದರಿಂದ ಇದೆಲ್ಲ ಶುರುವಾಯಿತು. ಅವರು ಧಾರವಾಡದಿಂದ ಕೆನಡಾಕ್ಕೆ, ಅರೋರಾದ ನಮ್ಮ ಮನೆಗೆ ಬಂದು ಆಗಿನ್ನೂ ಒಂದು ವಾರವಾಗಿತ್ತು. ಡ್ರೈಯರಿಗೆ ಹಾಕಿದರೆ ಸೀರೆಯ ಜೀವ ಹೋಗುತ್ತದೆ ಎಂದು ಹಿತ್ತಲಿನ ಮರದ ಜಗಲಿಯಂಥ ಡೆಕ್ಕಿಗೆ ದಾರ ಕಟ್ಟಿ, ಇಳಕಲ್ ಸೀರೆಗಳನ್ನು ಉದ್ದಕ್ಕೂ ಹರವಿದ್ದರು. ಪಕ್ಕದ ಮನೆಯ ಅಜ್ಜಿ ಬೇಲಿಯ ಗೇಟು ತಳ್ಳಿಕೊಂಡು ಬಂದರು. ನಾವು ಆ ಬೀದಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಜೊತೆ ನನ್ನ ಮಾತು ಹಿಮ, ಕಸದ ಡಬ್ಬಿ, ಇಷ್ಟರಲ್ಲೇ ಮುಗಿಯುತ್ತಿತ್ತು. ಅವತ್ತು ಅವರು ಸೀರೆಗಳ ಕಡೆ ಕೈ ತೋರಿಸಿ, "ನಮ್ಮ ದ್ವೀಪದಲ್ಲಿ ಭಾನುವಾರ ಯಾರೂ ಬಟ್ಟೆ ಒಣಹಾಕುವುದಿಲ್ಲ. ಅದು ದೇವರ ದಿನ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಹಿತ್ತಲು ನಮ್ಮದು, ಸೀರೆ ನಮ್ಮದು. ಏನಾದರೂ ಅಂದೇ ಬಿಡುತ್ತಿದ್ದೆ, ಅಷ್ಟರಲ್ಲಿ ಅತ್ತೆ, "ಏನಂತಾರವಾ?" ಎಂದು ಕೇಳಿದರು. ಹೇಳಿದೆ.

"ಅವರಿಗೂ ಒಂದು ಮಡಿ ಐತಿ ಅನ್ನು. ಸೋಮವಾರ ನಾವು ಎತ್ತಿಗೆ ನೊಗಾ ಹಾಕತೀವೇನು? ಹಂಗ ಇದು," ಎಂದವರೇ ಸೀರೆ ತೆಗೆಯತೊಡಗಿದರು. ಅಜ್ಜಿ ಇನ್ನೊಂದು ತುದಿ ಹಿಡಿದು ಮಡಚಲು ನಿಂತರು. ಇಬ್ಬರೂ ಸೇರಿ ಎಲ್ಲ ಸೀರೆ ಮಡಚಿ ಮುಗಿಸಿದರು. ನಾನು ನನ್ನ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಚಹಾಕ್ಕೆ ನೀರಿಟ್ಟೆ.

ಅಜ್ಜಿ ಸ್ಕಾಟ್ಲೆಂಡಿನ ಪಡುವಣ ಕಡಲಿನ ಒಂದು ಸಣ್ಣ ದ್ವೀಪದವರು. ಮದುವೆಯಾಗಿ ಕೆನಡಾಕ್ಕೆ ಬಂದು ಅರ್ಧ ಶತಮಾನಕ್ಕೂ ಹೆಚ್ಚಾಗಿದ್ದರೂ ದ್ವೀಪ ಅವರನ್ನು ಬಿಟ್ಟಿರಲಿಲ್ಲ. ಅಂದಿನಿಂದ ಅವರು ಬೆಲ್ ಒತ್ತದೆ ನೇರ ಅಡುಗೆಮನೆಗೆ ಬರತೊಡಗಿದರು. ದ್ವೀಪದಲ್ಲಿ ಬಾಗಿಲು ತಟ್ಟಿದರೆ ಬಂದವನು ಹೊರಗಿನವನು ಎಂದೇ ಅರ್ಥವಂತೆ. ಬೆಳಿಗ್ಗೆ ಯಾವ ಮನೆಯ ಚಿಮಣಿಯಲ್ಲಿ ಹೊಗೆ ಕಾಣದಿದ್ದರೂ ಪಕ್ಕದವರು ಹೋಗಿ ನೋಡಲೇಬೇಕು. ಗಾಳಿ ಜೋರಾಗಿ ಫೆರಿ ಬಾರದಿದ್ದರೆ, ಯಾರ ಮನೆಯಲ್ಲಿ ಎಷ್ಟು ಬ್ರೆಡ್ಡಿದೆ ಎಂಬುದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗಿ, ಅದು ಎಲ್ಲರಿಗೂ ಹಂಚಿಹೋಗುತ್ತಿತ್ತು. ಎದುರು ಬಂದ ಪ್ರತಿ ಗಾಡಿಗೂ ಕೈ ಎತ್ತಬೇಕು. ಅರೋರಾದಲ್ಲೂ ಅವರು ಕೊರಿಯರ್ ವ್ಯಾನಿನಿಂದ ಹಿಡಿದು ಹಿಮ ಬಳಿಯುವ ಟ್ರಕ್ಕಿನವರೆಗೆ ಎಲ್ಲಕ್ಕೂ ಕೈ ಎತ್ತುತ್ತಿದ್ದರು. ಇಲ್ಲಿ ಚಿಮಣಿ ಇಲ್ಲದ್ದರಿಂದ ನಮ್ಮ ಅಡುಗೆಮನೆಯ ಕಿಟಕಿಯ ಪರದೆಯ ಮೇಲೆ ಕಣ್ಣಿಟ್ಟರು. ರಜೆಯ ದಿನ ನಾವು ಸ್ವಲ್ಪ ಹೆಚ್ಚು ಮಲಗಿದರೆ ಫೋನು ಬಂದೇ ಬರುತ್ತಿತ್ತು.

"ನಮ್ಮ ಓಣಿಯಾಗ ಅದೀವಿ ಅಂತನ ತಿಳಿ," ಎನ್ನುತ್ತಿದ್ದರು ಅತ್ತೆ. ಅವರಿಗೆ ಇಂಗ್ಲಿಷ್ ಬಾರದು. ಅಜ್ಜಿಗೆ ಮನಸ್ಸು ತುಂಬಿದಾಗ ಇಂಗ್ಲಿಷ್ ಬಿಟ್ಟು ಅವರ ಗೇಲಿಕ್ ಭಾಷೆ ಬರುತ್ತಿತ್ತು. ಅತ್ತೆಗೆ ಎರಡೂ ಒಂದೇ. ಅಜ್ಜಿ ಹೇಳುತ್ತಿದ್ದರು, ಅತ್ತೆ ಬದನೆಕಾಯಿ ಹೆಚ್ಚುತ್ತಾ "ಹೌದಲ್ರೀ ಅಕ್ಕಾರ" ಎನ್ನುತ್ತಿದ್ದರು. ಇಂಗ್ಲಿಷ್ ಇದ್ದಲ್ಲಿ ನಾನು ಅನುವಾದ ಮಾಡುತ್ತಿದ್ದೆ. ಆದರೆ ನನ್ನನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ.

ಹಗ್ಗದ ವಿಷಯ ಬಂದದ್ದು ಇಂಥದೇ ಒಂದು ಮಧ್ಯಾಹ್ನ. ಅಜ್ಜಿಯ ದ್ವೀಪದಲ್ಲಿ ಯಾರಾದರೂ ತೀರಿಕೊಂಡರೆ ಅಂಗಡಿ ಮುಚ್ಚಿ ಊರೆಲ್ಲ ಹಿಂದೆ ನಡೆಯುತ್ತದೆ. ನಿಲ್ಲದೆ, ಹೆಗಲಿನಿಂದ ಹೆಗಲಿಗೆ ಬದಲಾಯಿಸುತ್ತ ಶವಪೆಟ್ಟಿಗೆಯನ್ನು ಒಯ್ಯುತ್ತಾರೆ. ಗುಂಡಿಯ ಹತ್ತಿರ ಅದಕ್ಕೆ ಎಂಟು ಹಗ್ಗ. ಒಂದೊಂದನ್ನೂ ಹೆಸರು ಕರೆದು ಒಬ್ಬೊಬ್ಬರಿಗೆ ಕೊಡುತ್ತಾರೆ. ತಲೆ ಕಡೆಯ ಹಗ್ಗ ತೀರಾ ಹತ್ತಿರದವರಿಗೆ. ಎಂಟು ಜನ ನಿಧಾನವಾಗಿ ಇಳಿಸಿ, ಕೊನೆಗೆ ಹಗ್ಗವನ್ನೂ ಒಳಗೇ ಬಿಡುತ್ತಾರೆ. ಹಗ್ಗ ಸಿಗುವುದೆಂದರೆ ದೊಡ್ಡ ಮರ್ಯಾದೆ.

"ನನ್ನ ಗಂಡನಿಗೆ ಇಲ್ಲಿ ಅದಾಗಲಿಲ್ಲ. ಗುಂಡಿಯ ಮೇಲೆ ಒಂದು ಕಬ್ಬಿಣದ ಚೌಕಟ್ಟಿನಲ್ಲಿ ಅವನನ್ನು ಇಟ್ಟರು. ನೀವಿನ್ನು ಹೊರಡಿ, ಆಮೇಲೆ ಮೆಷಿನ್ ಇಳಿಸುತ್ತದೆ ಅಂದರು. ಅವನನ್ನು ಅಲ್ಲೇ ಬಿಟ್ಟು ನಾವೆಲ್ಲ ಸ್ಯಾಂಡ್‌ವಿಚ್ ತಿನ್ನಲು ಹೋದೆವು," ಎಂದರು ಅಜ್ಜಿ.

ತಮ್ಮನ್ನಾದರೂ ಹಗ್ಗದಿಂದಲೇ ಇಳಿಸಬೇಕೆಂದು ಸ್ಮಶಾನದ ಆಫೀಸಿಗೆ ಅವರು ಆಗಲೇ ಹೋಗಿ ಬಂದಿದ್ದರು. ಥಾರ್ನ್‌ಹಿಲ್ ಕಡೆಯ ಯಹೂದಿಗಳು ಕೈಯಿಂದಲೇ ಇಳಿಸುವುದಿಲ್ಲವೆ, ಹಾಗಾದರೆ ನನಗೇಕಿಲ್ಲ ಎಂದು ಜಗಳವಾಡಿ ಒಪ್ಪಿಸಿದ್ದರು. ಈಗ ಬೇಕಾದದ್ದು ಎಂಟು ಜನ. ಅವರಿಗೆ ಮಕ್ಕಳಿರಲಿಲ್ಲ. ದ್ವೀಪದಲ್ಲಿ ಉಳಿದಿದ್ದ ತಮ್ಮನೂ ಹೋಗಿದ್ದ. ಎಂಬತ್ತು ದಾಟಿದ ಆ ಹೆಂಗಸು ಕೋಲು ಊರಿಕೊಂಡು ಬೀದಿಯ ಮನೆ ಮನೆಗೆ ಹೋಗಿ, ನನ್ನ ಹಗ್ಗ ಹಿಡಿಯುತ್ತೀರಾ ಎಂದು ಕೇಳತೊಡಗಿದರು. ಎದುರುಮನೆಯ ಇರಾನಿ ಗಂಡಹೆಂಡತಿ ಒಪ್ಪಿದರು. ಮೂಲೆಮನೆಯ ಪಂಜಾಬಿ ಟ್ರಕ್ ಡ್ರೈವರ್ ಎದೆಯ ಮೇಲೆ ಕೈಯಿಟ್ಟು ಒಪ್ಪಿದ. ಹೀಗೆ ಆರು ಜನರಾದರು. ತಲೆ ಕಡೆಯ ಹಗ್ಗವನ್ನು ಅಜ್ಜಿ ನಮ್ಮ ಅತ್ತೆಗೆ ಕೊಟ್ಟರು.

"ಅವರು ಮುಂದಿನ ತಿಂಗಳು ಊರಿಗೆ ಹೋಗುತ್ತಾರಲ್ಲ," ಎಂದೆ.

"ಗೊತ್ತು. ಆಮೇಲೆ ಅದನ್ನು ನೀನು ಹಿಡಿ. ಆದರೆ ಅದು ಅವರದು," ಎಂದರು ಅಜ್ಜಿ.

ಕೊನೆಯದೊಂದು ಉಳಿಯಿತು. ನನ್ನ ಗಂಡನನ್ನು ಕೇಳಿದರೆ ಅವರು ಹಾರಿಬಿದ್ದರು. ಪಕ್ಕದ ಊರು ವಾನ್‌ನಲ್ಲಿ ಶಿಫ್ಟ್ ಮುಗಿಸಿ ಆಗಷ್ಟೇ ಬಂದಿದ್ದರು. "ಏನ್ ಹುಚ್ಚಾಟ ಇದು? ಜೀವಂತ ಇದ್ದವರ ಹೆಣಾ ಹೊರಾಕ ಹೂಂ ಅನ್ಲೇನು? ನಾ ಬರಾಂಗಿಲ್ಲ. ಫೈನಲ್," ಎಂದರು. ನನಗೆ ಹುಚ್ಚಾಟವೇ ಅನ್ನಿಸಿದ್ದರೂ, ಅವರ ಬಾಯಿಂದ ಆ ಮಾತು ಕೇಳಿದ ಕೂಡಲೇ ನಾನು ಅಜ್ಜಿಯ ಪಕ್ಷ ಸೇರಿದೆ. ನಮ್ಮ ಸಂಸಾರ ನಡೆಯುವುದೇ ಹಾಗೆ.

ಸೆಪ್ಟೆಂಬರಿನ ಒಂದು ಶನಿವಾರ ಅಜ್ಜಿ ಎಲ್ಲರನ್ನೂ ನಮ್ಮ ಹಿತ್ತಲಿಗೆ ಕರೆದರು. ಅಭ್ಯಾಸವಿಲ್ಲದವರು ಒಂದು ಕಡೆ ಮೊದಲು ಬಿಟ್ಟು ಪೆಟ್ಟಿಗೆಯನ್ನು ತಲೆಕೆಳಗು ಮಾಡುತ್ತಾರಂತೆ. ತಾಲೀಮು ಬೇಕೇ ಬೇಕು. ಡೆಕ್ಕಿನ ಕುಶನ್ ಇಡುವ ಉದ್ದನೆಯ ಪೆಟ್ಟಿಗೆ ನಮ್ಮದು. ಭಾರಕ್ಕೇನು ಹಾಕುವುದೆಂದು ಯೋಚಿಸುತ್ತಿದ್ದಾಗ ಅತ್ತೆ ಬೇಸ್‌ಮೆಂಟಿನ ಸೋನಾ ಮಸೂರಿ ಚೀಲಗಳನ್ನು ತೋರಿಸಿದರು. ಮೀನುಗಾರನ ಮಗಳಾದ ಅಜ್ಜಿ ತಾವೇ ಸುತ್ತಲೂ ಎಂಟು ಹಗ್ಗ ಬಿಗಿದು, ಕುರ್ಚಿಯಲ್ಲಿ ಕೂತು ಕೋಲನ್ನು ನೆಲಕ್ಕೆ ಕುಟ್ಟಿ ಹುಕುಂ ಕೊಡತೊಡಗಿದರು. ಪೆಟ್ಟಿಗೆ ಎರಡು ಬೆಂಚಿನ ಮೇಲಿತ್ತು. ಏಳು ಜನ ಎತ್ತಿದರು. ನಾನು ಬೆಂಚು ಎಳೆದೆ.

ಕಾಲಿನ ಕಡೆ ಹಿಡಿಯುವವರಿಲ್ಲದೆ ಪೆಟ್ಟಿಗೆ ಒಮ್ಮೆಲೇ ಆ ಕಡೆಗೆ ವಾಲಿತು. ಒಳಗಿನ ಅಕ್ಕಿ ಧಡ್ ಎಂದು ಜಾರಿತು. ಟ್ರಕ್ ಡ್ರೈವರ್ ಪಂಜಾಬಿಯಲ್ಲಿ ಕೂಗಿದ. ಡೆಕ್ಕಿನ ಮೇಲೆ ಕೈಕಟ್ಟಿ ನಿಂತು ನೋಡುತ್ತಿದ್ದ ನನ್ನ ಗಂಡ ಹಾರಿ ಬಂದು ಆ ತುದಿಯ ಹಗ್ಗ ಹಿಡಿದರು.

"ಎಂಟು," ಎಂದರು ಅಜ್ಜಿ, ಮುಖದ ಮೇಲೆ ನಗುವೇನೂ ಇಲ್ಲದೆ.

ಎರಡನೆಯ ಸಲ ಅದು ಅಲುಗದೆ ಇಳಿಯಿತು. ಒಬ್ಬರ ಕೈ ಇನ್ನೊಬ್ಬರು ನೋಡುತ್ತ, ಒಬ್ಬರಿಗೊಬ್ಬರು ಕಾಯುತ್ತ, ಎಲ್ಲರೂ ಒಂದೇ ಸಮ ಬಗ್ಗಿದರು. ಇಷ್ಟು ವರ್ಷ ಗರಾಜಿನ ಬಾಗಿಲು ತೆರೆದು ಮುಚ್ಚಿ, ಒಬ್ಬರ ಮುಖ ಒಬ್ಬರು ನೋಡದೆ ಬದುಕಿದ್ದ ಜನ ಇವರು. ಪೆಟ್ಟಿಗೆ ಹುಲ್ಲಿಗೆ ತಾಗಿತು, ಹಗ್ಗಗಳು ಸಡಿಲಾದವು. ಎಲ್ಲರೂ ಹಗ್ಗವನ್ನು ಪೆಟ್ಟಿಗೆಯ ಮೇಲೆ ಬಿಟ್ಟು ಚಪ್ಪಾಳೆ ತಟ್ಟಿದರು. ಯಾರೋ ಜ್ಯೂಸಿನ ಬಾಟಲಿ ತೆರೆದರು.

ಅತ್ತೆ ಮಾತ್ರ ನಗಲಿಲ್ಲ. ಟೊಮೆಟೊ ಪಾತಿಗೆ ಹೋಗಿ ಒಂದು ಹಿಡಿ ಮಣ್ಣು ತಂದು ಪೆಟ್ಟಿಗೆಯ ತಲೆ ಕಡೆ ಹಾಕಿದರು. ಮತ್ತೆ ಹೋಗಿ ತಂದರು. ಮೂರು ಸಲ. ಆಮೇಲೆ ಸೆರಗು ಹೊದ್ದು ಕೈಮುಗಿದು ನಿಂತರು. ನಮ್ಮಲ್ಲಿ ಮಣ್ಣು ಕೊಡುವುದು ಹೀಗೆಯೇ.

ನನ್ನ ಗಂಡನಿಗೆ ಗಾಬರಿಯಾಯಿತು. "ಅವ್ವಾ, ಏನ್ ಮಾಡಾಕತ್ತಿ? ಅವರು ಇನ್ನೂ ಅದಾರ!"

"ಅದಾರಂತನ ಮಾಡಾಕತ್ತೇನಿ," ಎಂದರು ಅತ್ತೆ. "ಆವಾಗ ನಾ ಇರಾಂಗಿಲ್ಲ. ನಂದು ಇವತ್ತ ಆಗಲಿ."

ಎಲ್ಲರೂ ನನ್ನ ಮುಖ ನೋಡಿದರು. ಆ ಎರಡು ಮಾತನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ನನಗೆ ಅಳು ಬಂತು. ಹೇಗೋ ಹೇಳಿದೆ.

ಅಜ್ಜಿ ಕುರ್ಚಿಯಿಂದ ಎದ್ದರು. ಯಾರೋ ಹಿಡಿಯಲು ಹೋದರೆ ಬೇಡ ಎಂದು ಕೈ ಆಡಿಸಿ, ಕೋಲೂರಿಕೊಂಡು ಪಾತಿಯವರೆಗೆ ಹೋದರು. ಬಗ್ಗಲು ಬಹಳ ಹೊತ್ತು ಬೇಕಾಯಿತು. ಮುಷ್ಟಿಯಲ್ಲಿ ಮಣ್ಣು ಹಿಡಿದು ಬಂದು, ಅತ್ತೆ ಹಾಕಿದ್ದ ಮಣ್ಣಿನ ಪಕ್ಕದಲ್ಲೇ ಹಾಕಿ, ಅತ್ತೆಯ ಕೈ ಹಿಡಿದುಕೊಂಡರು.

"ಧಾರವಾಡಕ್ಕೆ ನಾನೂ ಬರಲಾರೆನಲ್ಲ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಹೌದಲ್ರೀ ಅಕ್ಕಾರ," ಎಂದರು.