ಗೋವರ್ಧನ ಮಾವ ಕೊಟ್ಟ ಬೆಲ್ಲ

ನಮ್ಮ ಪ್ರಫುಲ್ಲ ಚಿಕ್ಕಮ್ಮ ಕೇಳಿದ್ದು ಅರಮನೆಯನ್ನಲ್ಲ. ಒಬ್ಬಳೇ ಗುಡಿಸಿ ಒರೆಸಿ ಮುಗಿಸಬಹುದಾದ ಮನೆ, ಬಸಳೆ ಚಪ್ಪರಕ್ಕೆ ಒಂಚೂರು ಜಾಗ, ಸಿಹಿನೀರಿನ ಒಂದು ಬಾವಿ. ಬಾವಿ ಮಾತ್ರ ಬೇಕೇ ಬೇಕು. ಡೊಂಬಿವಲಿಯ ಚಾಳಿನಲ್ಲಿ ಅರ್ಧ ಆಯುಷ್ಯ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವಳು ಅವಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಆಫೀಸಿನ ಹುಡುಗರಿಗೆ ಊಟದ ಡಬ್ಬಿ ಕಟ್ಟಿಕೊಟ್ಟು ಉಳಿಸಿದ ದುಡ್ಡು ಹಿಡಿದುಕೊಂಡು ಊರಿಗೆ ಬಂದಳು.

"ನನ್ ಬಾವಿಂದ ನಾನೇ ನೀರ್ ಸೇದ್ಕ್ ಮಗಾ, ಯಾರ್ ಹತ್ರನೂ ಜಗಳ ಮಾಡ್ದೆ" ಎನ್ನುತ್ತಿದ್ದಳು. ಅಷ್ಟೇ ಆಸೆ.

ಮನೆ ಹುಡುಕಲು ನನ್ನ ಸ್ಕೂಟಿಯೇ ಗತಿ. ಕೆರಾಡಿಯದ್ದು ಅಗ್ಗವಿತ್ತು, ಆದರೆ ಬೆಳಿಗ್ಗೆ ಹೋದ ಬಸ್ಸು ಮತ್ತೆ ಬರುವುದು ಸಂಜೆಗೆ, ಕಾಡುಹಂದಿಗಳು ಮಾತ್ರ ಅಂಗಳಕ್ಕೇ ಬರುತ್ತವಂತೆ. ಉಪ್ಪುಂದದ ಮನೆಯಲ್ಲಿ ಕೋಣೆಗಳೋ ಕೋಣೆಗಳು. "ಇದನ್ ಗುಡ್ಸುಕೆ ಇನ್ನೊಂದ್ ಜನ್ಮ ಬೇಕ್" ಎಂದಳು. ಬ್ರಹ್ಮಾವರ ಪೇಟೆ ಹತ್ತಿರದ್ದರ ಬೆಲೆ ಕೇಳಿ ಇಬ್ಬರೂ ಒಂದೊಂದು ಎಳನೀರು ಕುಡಿದು ಸುಮ್ಮನೆ ವಾಪಸು ಬಂದೆವು.

ಆಗ ಸಿಕ್ಕಿದ ಗೋವರ್ಧನ ಮಾವ. ಚಿಕ್ಕಮ್ಮನ ದೊಡ್ಡಮ್ಮನ ಮಗ. ಮುಂಬಯಿಗೆ ಕೆಲಸ ಹುಡುಕಿ ಹೋದಾಗ ಇವಳ ಖೋಲಿಯಲ್ಲೇ ಮಲಗಿ, ಇವಳು ಬಡಿಸಿದ್ದನ್ನೇ ಉಂಡವನು. ಹಟ್ಟಿಯಂಗಡಿಯ ಹೊಳೆ ಬದಿಯಲ್ಲಿ ಅವನದ್ದೇ ಪುಟ್ಟ ಹೆಂಚಿನ ಮನೆ. ಅವನೂ ಅವನ ಹೆಂಡತಿ ಸ್ವರ್ಣಲತಾ ಅತ್ತೆಯೂ ಕುಂದಾಪುರದಲ್ಲಿ ಹೊಸ ಮನೆ ಕಟ್ಟಿಸಿದ್ದರು.

"ಬೇರೆಯವ್ರಿಗಾರೆ ಕೊಡ್ತಿರ್ಲಿಲ್ಲ ಅಕ್ಕಾ. ನೀನಂದ್ರೆ ನಂಗೆ ಅಬ್ಬಿ ಇದ್ದಂಗೆ" ಎಂದ. ಹೆತ್ತ ತಾಯಿಯ ಹಾಗೆ, ಅಂತೆ!

ಹಟ್ಟಿಯಂಗಡಿಯ ಮನೆ ನೋಡಲು ನಾವು ಹೋದದ್ದು ಶಿವರಾತ್ರಿ ಕಳೆದ ಮೇಲಿನ ಸುಡು ಬಿಸಿಲಲ್ಲಿ. ಜಗಲಿಯಲ್ಲಿ ಕೂರುವುದರೊಳಗೆ ಅತ್ತೆ ಬೆಲ್ಲ-ನೀರು ತಂದಿಟ್ಟರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲದ ತುಂಡು, ಮೇಲೆ ನೀರು. ಮಾತುಕತೆ ಏನಿದ್ದರೂ ಆಮೇಲೆ. ಅವತ್ತಿನ ತುಂಡು ಸ್ವಲ್ಪ ದೊಡ್ಡದೇ ಇತ್ತು. ಚಿಕ್ಕಮ್ಮ ಅದನ್ನು ಬಾಯಿಗೆ ಹಾಕಿಕೊಂಡು ಚೊಂಬು ಎತ್ತಿ ಗಟಗಟ ಕುಡಿದಳು.

"ಇದೇ ಬಾವಿದಾ?"

"ಹೌದಕ್ಕಾ, ಮತ್ತೆಲ್ಲಿದ್?"

"ಅಮೃತ ಮಾರಾಯಾ!"

ಬಾಯಿ ತೊಳೆದುಕೊಂಡು ಇನ್ನೊಮ್ಮೆ ಕುಡಿದು ನೋಡಬೇಕು ಎಂದು ಯಾರಿಗೆ ಹೊಳೆಯುತ್ತದೆ ಹೇಳಿ? ತಮ್ಮನ ಮನೆಯಲ್ಲಿ ಕೂತು ನೀರನ್ನು ಪರೀಕ್ಷೆ ಮಾಡುವ ಜನವೇ ನಾವು? ಚಿಕ್ಕಮ್ಮ ಉಳಿಸಿದ್ದೆಲ್ಲ ಆ ಮನೆಗೆ ಹೋಯಿತು.

ವಿಷು ಹಬ್ಬಕ್ಕೆ ಮೊದಲೇ ಹಾಲುಕ್ಕಿಸಿ ಒಕ್ಕಲಾದಳು. ಮಾರನೇ ದಿನ ಒಲೆಯ ಮೇಲಿಟ್ಟ ಬೇಳೆ ಎಷ್ಟು ಹೊತ್ತಾದರೂ ಬೇಯಲಿಲ್ಲ. ಬಟ್ಟೆಗೆ ಹಚ್ಚಿದ ಸೋಪಿನಿಂದ ನೊರೆ ಬರಲಿಲ್ಲ. ಕೊನೆಗೆ ಬಾವಿಕಟ್ಟೆಯಲ್ಲೇ ನಿಂತು ಬೊಗಸೆಯಲ್ಲಿ ಕುಡಿದವಳು ಥೂ ಎಂದು ಉಗಿದಳು. ಉಪ್ಪು!

ದಿಬ್ಬದ ಮೇಲಿನ ಮನೆಯ ಅಪ್ಪಿಗೆ ನಮ್ಮ ಆಶ್ಚರ್ಯವೇ ಆಶ್ಚರ್ಯ. "ಬೇಸಿಗೆಗೆ ಹೊಳಿ ಉಪ್ಪು ಈ ಬಾವಿಗೆ ಏರತ್ತಲೆ ಅಕ್ಕಾ. ಅವ್ರ್ ಮಳೆ ಬಪ್ಪೊರೆಗೂ ನಮ್ಮನೆ ನೀರೇ ಕೊಂಡೋತಿದ್ರ್. ಅದ್ಕೇ ಅಲ್ದಾ ಮನೆ ಬಿಟ್ಟದ್?"

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಮಾವನಿಗೆ ಫೋನು ಮಾಡಿದೆ. "ಹೊಳಿ ಬದಿ ಅಂದ್ರೆ ಹಂಗೇ ಅಲ್ದಾ? ಅಕ್ಕನಿಗೆ ಗೊತ್ತಿತ್ತ್ ಅಂದ್ಕಂಡೆ" ಎಂದುಬಿಟ್ಟ, ನಾಚಿಕೆಗೆಟ್ಟವನು! ಹೋಗಿ ಮುಖಕ್ಕೆ ನಾಲ್ಕು ಮಾತು ಆಡಿ ಬರೋಣ ಎಂದರೆ ಚಿಕ್ಕಮ್ಮ ಕೇಳಲಿಲ್ಲ. ಅಡುಗೆಮನೆಯಲ್ಲಿ ಕೂತು ಅತ್ತಳು. "ಉಪ್ಪುನೀರ್ ಕೊಟ್ಟ ಅಂದೇಳಿ ಅಲ್ಲ ಮಗಾ. ಬೆಲ್ಲ ಕೊಟ್ ಕುಡಿಸ್ದ ಕಾಣ್, ಅದೇ ತಡ್ಕಂಬುಕೆ ಆತಿಲ್ಲ" ಎಂದಳು.

ಮೇ ತಿಂಗಳಲ್ಲಿ ಮಾವನೂ ಅತ್ತೆಯೂ ಮಗಳು ನಿಶ್ಮಿತಾಳ ಮದುವೆಗೆ ಕರೆಯಲು ಬಂದರು. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಜಗಲಿಯಲ್ಲಿ ಕೂತರು. ಚಿಕ್ಕಮ್ಮ ನಗುನಗುತ್ತಲೇ ಒಳಗೆ ಹೋಗಿ ಎರಡು ಲೋಟ ನೀರು ತಂದು ಅವರ ಮುಂದಿಟ್ಟಳು. ನೀರು ಮಾತ್ರ.

ಮಾವ ತಟ್ಟೆಗಾಗಿ ಆಚೀಚೆ ನೋಡಿದ. "ಬೆಲ್ಲ ಇಲ್ಯಾ ಅಕ್ಕಾ?"

"ಬೆಲ್ಲ ನೀ ಅವತ್ತೇ ಕೊಟ್ಟಿದ್ಯಲೆ. ಬರೀ ನೀರ್ ಕುಡಿ. ನಿನ್ನದೇ ಬಾವಿದ್."

ಮಾವ ಒಂದು ಗುಟುಕು ಬಾಯಿಗೆ ತೆಗೆದುಕೊಂಡ. ನುಂಗಲೂ ಆಗದೆ, ಅಕ್ಕನ ಎದುರು ಉಗಿಯಲೂ ಆಗದೆ ಕೂತ. ಅತ್ತೆ ಲೋಟ ಮುಟ್ಟಲೇ ಇಲ್ಲ.

"ಡೊಂಬಿವಲಿಯಲ್ ನಿನ್ ಸ್ನಾನಕ್ಕೂ ಸೇರ್ಸಿ ನಾನ್ ಲೈನಲ್ ನಿಲ್ತಿದ್ದೆ, ಗೋವರ್ಧನ" ಎಂದಳು ಚಿಕ್ಕಮ್ಮ. "ಈಗಳೂ ನಿಲ್ತೆ. ಅಪ್ಪಿ ಬಾವಿ ಹತ್ರ."

ಮದುವೆ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಕೋಣೆಯಲ್ಲಿಟ್ಟು ಬಂದಳು. ಆಮೇಲೆ ಖಾಲಿ ಕೊಡಪಾನ ಸೊಂಟಕ್ಕಿಟ್ಟುಕೊಂಡು, ಅವರ ಎದುರಿಂದಲೇ ಅಂಗಳ ದಾಟಿ, ಅಪ್ಪಿಯ ಮನೆಯ ಕಡೆ ಹತ್ತಿಹೋದಳು.