ಗುಬ್ಬಿಯ ಬಾಯ್ಲರ್, ಗದಗಿನ ಮಾತು

ಗದಗಿನಿಂದ ತುಮಕೂರಿಗೆ ಬಂದ ಮೂರನೇ ದಿನ ಗುಬ್ಬಿಯ ಹತ್ತಿರದ ಅಕ್ಕಿ ಗಿರಣಿಯಲ್ಲಿ ನಾನು ಮೊದಲು ಕಂಡದ್ದು ಬಾಯ್ಲರಿನ ಕಿಂಡಿಯಿಂದ ಹೊರಚಾಚಿದ್ದ ಎರಡು ಪಾದ. ಬಲಗಾಲಿಗೆ ಹಗ್ಗ ಕಟ್ಟಿತ್ತು. ನೋಡುತ್ತಿದ್ದಂತೆ ಪಾದಗಳೂ ಒಳಗೆ ಸರಿದವು. ಗಿರಣಿಯ ಮೇಸ್ತ್ರಿ ಹಗ್ಗದ ತುದಿಯನ್ನು ನನ್ನ ಕೈಗಿಟ್ಟ.

"ಹಿಡ್ಕೊಳಿ ಮೇಡಂ, ಬಿಡ್ಬೇಡಿ. ಮಾತಾಡ್ತಾ ಇರಿ."

"ಏನ್ ಮಾತಾಡ್ಬೇಕ್ರಿ?"

"ಏನಾರ ಆಡಿ. ಒಳಗಿರೋರಿಗೆ ಹೊರಗಿನ ದನಿ ಕೇಳ್ತಿರ್ಬೇಕು. ನಿಂತೋದ್ರೆ ಗಾಬ್ರಿ ಆಯ್ತದೆ."

ಇದು ಇಲ್ಲಿಯ ಪದ್ಧತಿ. ಬಾಯ್ಲರಿನೊಳಗೆ ಬಿರುಕು ಹುಡುಕಲು, ಅಂಟಿದ ಸುಣ್ಣ ಕೆರೆಯಲು ಯಾರಾದರೂ ನುಸುಳಬೇಕು. ಅವರು ಹೊರಬರುವವರೆಗೆ ಹಗ್ಗ ಹಿಡಿದವರು ಬಾಯಿ ಮುಚ್ಚುವಂತಿಲ್ಲ. ಮನುಷ್ಯರ ಬದಲು ಒಳಗೆ ಹೋಗುವ, ಬಳುಕುವ ಯಂತ್ರವೊಂದನ್ನು ಮಾಡಲೆಂದೇ ತುಮಕೂರಿನ ಬಟವಾಡಿಯ ಸಣ್ಣ ವರ್ಕ್‌ಶಾಪಿನವರು ನನ್ನನ್ನು ಕರೆಸಿದ್ದರು. ಎಂಬತ್ತರ ದಶಕ ಈಗಷ್ಟೇ ಶುರುವಾಗಿದೆ. ನನ್ನ ಬಳಿ ಇದ್ದದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಒಂದು ಟ್ರಂಕು ಮತ್ತು ಬೇಕಾದಷ್ಟು ಹಟ.

ಆ ಮೂರು ದಿನದಲ್ಲಿ ನಾನು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಾಡಿಗೆ ಕೋಣೆ ಕೊಟ್ಟ ಮನೆಯೊಡತಿ, "ಒಬ್ರೇನಾ? ಮನೆಯವ್ರು ಯಾವಾಗ ಬರ್ತಾರೆ?" ಎಂದು ಕೇಳಿದ್ದರು. "ಯಾರೂ ಬರೂದಿಲ್ರಿ" ಎಂದೆ. ಅಲ್ಲಿಂದ ಮುಂದೆ ಅವರ ಮಾತು ನಲ್ಲಿ ನೀರಿನ ವೇಳೆಗಷ್ಟೇ ಸೀಮಿತ. ನಮ್ಮಲ್ಲಾದರೆ ಒಂಟಿ ಹುಡುಗಿಯ ಮನೆಗೆ ಗೋಡೆಯಾಚೆಯಿಂದ ಪಲ್ಯದ ಬಟ್ಟಲಾದರೂ ಬರುತ್ತಿತ್ತು, ಜೊತೆಗೆ ನೂರು ಪ್ರಶ್ನೆ. ಇಲ್ಲಿ ಮರ್ಯಾದೆಯಿಂದಲೇ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ರೊಟ್ಟಿ ಬಡಿದರೆ, "ಅದೇನ್ ಕುಟ್ತಾ ಇದೀರಾ?" ಎಂದು ಕೇಳಿ ಹೋದರು. ಹೋಟೆಲಿನಲ್ಲಿ ನುಂಗಬೇಕಾದ ಮುದ್ದೆಯನ್ನು ಅಗಿಯುತ್ತ ಕೂತ ನನ್ನನ್ನು ನೋಡಲು ಪಕ್ಕದ ಟೇಬಲಿನವರು ಊಟ ನಿಲ್ಲಿಸಿದರು. ಅಂಗಡಿಯಲ್ಲಿ ಬಾಯಿ ತೆರೆದರೆ ನಗು. ಅದೇ ಕನ್ನಡ, ಆದರೂ ನಾನು ಪರದೇಶಿ.

ಹೀಗಾಗಿ ಹಗ್ಗ ಹಿಡಿದವಳು ಕಟ್ಟೆಯೊಡೆದಂತೆ ಮಾತಾಡಿದೆ. ನಮ್ಮೂರಿನ ಗಾಳಿ, ಎರೆಮಣ್ಣು, ಅವ್ವನ ಸಿಟ್ಟು, ಎಲ್ಲ ಬಂತು. ನಡುವೆ ಒಳಗಿನಿಂದ ನಗುವೊಂದು ಗುಂಯ್‌ಗುಟ್ಟಿತು.

"ನಿನ್ ಮಾತು ಚೆಂದಾಗದೆ ಕಣವ್ವ. ಇನ್ನೊಸಿ ಆಡು."

ಇನ್ನೊಸಿ ಅಂದರೆ ಇನ್ನಷ್ಟು. ಈ ಸೀಮೆಯಲ್ಲಿ ನಾನು ಕಲಿತ ಮೊದಲ ಪದ ಅದು.

ಹಾಗೆಂದವರು ಕೆಂಪಯ್ಯ, ಕುಣಿಗಲ್ ಕಡೆಯವರು, ಐವತ್ತು ದಾಟಿದ ಕಡ್ಡಿ ಮೈಯವರು. ನಾನು ಕಾಕಾ ಎಂದೆ, ಅವರು ಬೇಡವೆನ್ನಲಿಲ್ಲ. ಅಳತೆ ತೆಗೆಯುವ ನೆಪದಲ್ಲಿ ಅವರು ಹೋದ ಗಿರಣಿಗೆಲ್ಲ ಹೋದೆ. ಅವ್ವನಿಗೆ ಬರೆಯದ ಸಂಗತಿಗಳನ್ನೂ ಆ ಕಬ್ಬಿಣದ ಹೊಟ್ಟೆಗೆ ಹೇಳಿದೆ. ಆದರೆ ಕಾಕಾನ ಕೆಮ್ಮು ಏರುತ್ತಿತ್ತು. ಇನ್ನೊಂದು ವರ್ಷ ಒಳಗಿಳಿದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅವರ ಮೈಕಟ್ಟಿನ ಬೇರೆ ಆಳು ಸಿಗಲಿಲ್ಲ. ನನ್ನ ಯಂತ್ರ ಬೇಗ ಗೆಲ್ಲಬೇಕಿತ್ತು.

ಗೆದ್ದರೆ ಹಗ್ಗ ಬೇಡ, ಮಾತೂ ಬೇಡ. ಅದು ನನಗೆ ಗೊತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಒಂದೆರಡು ವಾರ ನಾನು ಬೇಕೆಂದೇ ಕೆಲಸ ನಿಧಾನ ಮಾಡಿದೆ.

ಯಂತ್ರವೆಂದರೆ ಕಬ್ಬಿಣದ ಬಳೆಗಳ ಸರ. ಅವುಗಳಲ್ಲಿ ಸೈಕಲ್ ಬ್ರೇಕಿನ ತಂತಿ ಪೋಣಿಸಿ, ತುದಿಗೆ ಬಲ್ಬು, ಕನ್ನಡಿ, ಕೆರೆಯುವ ಅಲಗು ಕೂರಿಸಿದ್ದೆವು. ಯಾವ ತಂತಿ ಎಳೆದರೆ ಆ ಕಡೆಗೆ ಬಾಗುತ್ತದೆ. ಮೊದಲ ಪರೀಕ್ಷೆಯ ದಿನ ಅದು ಒಳಗಿನ ತಿರುವಿನಲ್ಲಿ ಸಿಕ್ಕಿಬಿತ್ತು. ಬಿಡಿಸಲು ಕಾಕಾನೇ ಇಳಿದರು. ನಾನು ಮಾತಾಡುತ್ತಲೇ ಇದ್ದೆ. ಕೆಮ್ಮು ಕೇಳಿಸಿತು, ಆಮೇಲೆ ಏನೂ ಇಲ್ಲ. ಕೂಗಿದೆ, ಉತ್ತರವಿಲ್ಲ. ಮೇಸ್ತ್ರಿ ಮತ್ತು ನಾನು ಸೇರಿ ಹಗ್ಗ ಎಳೆದೆವು. ಹೊರಬಂದಾಗ ಅವರ ತುಟಿ ನೀಲಿಯಾಗಿತ್ತು, ಕೈಯಲ್ಲಿ ಯಂತ್ರದ ಮೂತಿ ಇತ್ತು.

ನೀರು ಕುಡಿದು ಸುಧಾರಿಸಿಕೊಂಡು ಅವರು ಹೇಳಿದ್ದು ಇಷ್ಟು: "ಬಿಗಿಯಾಗಿ ನುಗ್ಗಿಸ್ತಿಯಲ್ಲವ್ವ, ಅದ್ಕೇ ಸಿಕ್ಕಾಕ್ಕಂತು. ತಿರುವು ಬಂದಾಗ ನಾನು ಉಸ್ರೆಲ್ಲಾ ಬುಟ್ಟು ಮೈ ಸಡಿಲ ಮಾಡ್ತೀನಿ. ದಾಟಿದ್ ಮ್ಯಾಕೆ ಎಳ್ಕಳದು."

ನಾನು ತಂತಿಗಳನ್ನು ಸದಾ ಬಿಗಿಯಾಗಿಟ್ಟಿದ್ದೆ. ಅಂದೇ ವರ್ಕ್‌ಶಾಪಿಗೆ ಹೋಗಿ, ತಿರುವಿನಲ್ಲಿ ಎಲ್ಲ ತಂತಿಯೂ ಒಟ್ಟಿಗೆ ಸಡಿಲವಾಗುವಂತೆ ಹಿಡಿಕೆಯೊಂದನ್ನು ಮಾಡಲು ಕೂತೆ. ಹದಿನೈದು ದಿನ ಬೇರೇನೂ ಯೋಚಿಸಲಿಲ್ಲ. ಅದೇ ಗಿರಣಿಯಲ್ಲಿ ಯಂತ್ರ ಮೂಲೆಯವರೆಗೂ ಹೋಯಿತು, ಬಿರುಕು ತೋರಿಸಿತು, ಸುಣ್ಣ ಕೆರೆದು ವಾಪಸ್ಸು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುವಾರ ಕಾಕಾ ಕೆಲಸ ಬಿಟ್ಟು ಊರಿಗೆ ಹೋದರು.

ಕುಣಿಗಲ್ಲಿಗೆ ಬಸ್ಸು ಹತ್ತಿ ಅವರನ್ನು ನೋಡಲು ಹೋಗಿದ್ದೆ. ಕೆಮ್ಮು ಇಳಿದಿತ್ತು, ಕೆನ್ನೆ ತುಂಬಿಕೊಂಡಿತ್ತು. "ಬನ್ನಿ ಮೇಡಂ, ಕೂತ್ಕಳಿ" ಎಂದು ಚಾಪೆ ಹಾಸಿದರು. ಎದುರುಬದುರು ಕೂತು ಅಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ಮಳೆ ಬಂತಾ ಎಂದು ಕೇಳಿದೆ. ಬರ್ಬೇಕು ಎಂದರು. ಕಾಫಿ ಕುಡಿದು ಎದ್ದು ಬಂದೆ.

ಹುಬ್ಬಳ್ಳಿಯಲ್ಲಿ ಕೆಲಸ ಖಾಲಿ ಇದೆ, ಬಂದುಬಿಡು ಎಂದು ಅವ್ವ ಬರೆಯುತ್ತಾಳೆ. ಇಲ್ಲಿ ಇನ್ನೂ ಮೂರು ಗಿರಣಿಯವರು ಯಂತ್ರ ಕೇಳಿದ್ದಾರೆ. ಯಾರಿಗೂ ಇನ್ನೂ ಹೂಂ ಅಂದಿಲ್ಲ. ಊರಿಗೆ ಹೋದರೆ ಇಲ್ಲಿಯದನ್ನು ಯಾರಿಗೆ ಹೇಳಲಿ, ಅವರಿಗೆ ಬಾಯ್ಲರ್ ಗೊತ್ತಿಲ್ಲ. ಇಲ್ಲಿ ಗದಗನ್ನು ಕೇಳಿಸಿಕೊಳ್ಳಲು ಇದ್ದವರು ಒಬ್ಬರೇ. ಅವರನ್ನು ನಾನೇ ಬದುಕಿಸಿ ಕಳಿಸಿಕೊಟ್ಟಿದ್ದೇನೆ.