ಹೆಬ್ಬೆರಳಿಗೊಂದು ಗೇಮ್‌ಪ್ಯಾಡ್

ಈ ಭಾನುವಾರ ಬೇಗ ಎದ್ದು ಕಾವೇರಿ ನೀರು ಹಿಡಿದೆ. ಇಡ್ಲಿ ಬೇಯಿಸಿದೆ. ಎರಡು ಬಕೆಟ್ ಬಟ್ಟೆ ಒಗೆದು ಟೆರೇಸಿನಲ್ಲಿ ಹರವಿದೆ. ದಂಟಿನ ಸೊಪ್ಪು ಬಿಡಿಸಿದೆ. ಅತ್ತೆಯ ರವಿಕೆಗೆ ಹುಕ್ಕು ಹಾಕಿದೆ. ಇವೆಲ್ಲದರ ನಡುವೆ, ಕಂಪ್ಯೂಟರ್ ಪರದೆಯ ಮೇಲೆ ಒಬ್ಬ ಪುಟಾಣಿ ಮನುಷ್ಯ ಗುಂಡಿಗೆ ಬೀಳುವುದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದೆ.

ಅವನನ್ನು ಬೀಳಿಸುತ್ತಿದ್ದವರು ನಮ್ಮ ಯಜಮಾನರು.

ನಗಬೇಡಿ. ಐವತ್ತರ ಹತ್ತಿರದ ಗಂಡಸು, ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಇನ್‌ಸ್ಪೆಕ್ಷನ್ ನೋಡಿಕೊಳ್ಳುವವರು, ಬೆಳಗ್ಗೆ ಬೆಳಗ್ಗೆಯೇ ವಿಡಿಯೋ ಗೇಮ್ ಆಡುತ್ತಾರೆಂದರೆ ಅದಕ್ಕೊಂದು ಕಾರಣ ಬೇಡವೇ?

ಮಳೆಗಾಲದ ಶುರುವಿನಲ್ಲಿ, ಲಾರಿಯಿಂದ ತಗಡು ಇಳಿಸುವವರ ಜೊತೆ ಕೈಜೋಡಿಸಲು ಹೋಗಿ (ಯಾರೂ ಕರೆದಿರಲಿಲ್ಲ) ಇವರ ಬಲಗೈ ಹೆಬ್ಬೆರಳ ಬುಡ ಕುಯ್ದುಹೋಯಿತು. ಒಳಗಿನ ನರ ತುಂಡಾಗಿತ್ತು. ಆಪರೇಷನ್ ಮಾಡಿ ಜೋಡಿಸಿದರು. ಪಟ್ಟಿ ಬಿಚ್ಚಿ ನೋಡಿದರೆ ಹೆಬ್ಬೆರಳೇನೋ ಇತ್ತು. ಹೇಳಿದ ಮಾತು ಮಾತ್ರ ಕೇಳುತ್ತಿರಲಿಲ್ಲ.

ಇವರ ಕೆಲಸವೆಲ್ಲ ಆ ಬೆರಳಿನಲ್ಲೇ. ಮೈಕ್ರೋಮೀಟರ್ ಎಂಬ ಅಳತೆಯ ಸಾಧನವನ್ನು ಹೆಬ್ಬೆರಳು, ತೋರುಬೆರಳ ನಡುವೆ ಮೆತ್ತಗೆ ತಿರುಗಿಸಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಬಿಡಿಭಾಗವನ್ನು ಪಕ್ಕಕ್ಕಿಡಬೇಕು. ಕೈ ಸರಿಹೋದರೆ ಹಳೇ ಜಾಗ, ಇಲ್ಲವಾದರೆ ಸ್ಟೋರ್ಸ್‌ನಲ್ಲಿ ಕೂತು ಸಾಮಾನು ಎತ್ತಿಕೊಡುವ ಕೆಲಸ ಎಂದು ಸೂಪರ್‌ವೈಸರ್ ಹೇಳಿದ್ದರು. ಸಂಬಳ ಅಷ್ಟೇ ಇರುತ್ತಿತ್ತು. ಇವರ ಮುಖ ಮಾತ್ರ ಅವತ್ತಿನಿಂದ ಅಷ್ಟೇ ಇರಲಿಲ್ಲ.

ವ್ಯಾಯಾಮಕ್ಕೆಂದು ಫಿಸಿಯೋಥೆರಪಿಯವರು ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದರು. ಒತ್ತು, ಬಿಡು. ಒತ್ತು, ಬಿಡು. ಸ್ವಲ್ಪ ದಿನದಲ್ಲೇ ಚೆಂಡು ಸೋಫಾದ ಕೆಳಗೆ ಸಿಕ್ಕಿತು.

"ಯಾಕ್ರೀ, ಒತ್ತಲ್ವಾ?" ಎಂದೆ.

"ಒತ್ತಿದ್ರೆ ಏನ್ ಬರುತ್ತೆ ಅದ್ರಿಂದ? ಎಣ್ಣೆ ಬರುತ್ತಾ?"

ಮಗಳು ಸಿಂಧು ಡಿಪ್ಲೊಮಾ ಓದುತ್ತಿದ್ದಾಳೆ. ಅವಳೇ ದಾರಿ ತೋರಿಸಿದ್ದು. "ಅಪ್ಪಾ, ನೀನೂ ಚಿಕ್ಕಪ್ಪಾನೂ ಮುಂಚೆ ಟಿವಿಗೆ ಕ್ಯಾಸೆಟ್ ಹಾಕ್ಕೊಂಡು ಗೇಮ್ ಆಡ್ತಿದ್ರಂತಲ್ಲ? ಅದೆಲ್ಲ ಈಗ ಕಂಪ್ಯೂಟರ್‌ನಲ್ಲೇ ಆಡ್ಬಹುದು. ಎಮ್ಯುಲೇಟರ್ ಅಂತ ಇದೆ."

ಎಮ್ಯುಲೇಟರ್ ಅಂದರೆ, ನನಗೆ ಅರ್ಥವಾದಂತೆ, ಹಳೆಯ ಗೇಮ್ ಮೆಷಿನ್ನಿನ ವೇಷವನ್ನು ಕಂಪ್ಯೂಟರಿಗೆ ಹಾಕಿಸುವ ಸಾಫ್ಟ್‌ವೇರ್. ಕೀಬೋರ್ಡಿನಲ್ಲೂ ಆಡಬಹುದಂತೆ. ಆದರೆ ಅಲ್ಲಿ ದುಡಿಯುವುದು ಮಿಕ್ಕ ಬೆರಳುಗಳು. ಹೆಬ್ಬೆರಳು ಸುಮ್ಮನೆ ಕೂತಿರುತ್ತದೆ. ನಮಗೆ ಬೇಕಿದ್ದದ್ದು ಹೆಬ್ಬೆರಳನ್ನೇ ದುಡಿಸುವಂಥದ್ದು. ಫಿಸಿಯೋಥೆರಪಿಯವರನ್ನು ಕೇಳಿದೆ. "ಬೆರಳು ಆಡಿದ್ರೆ ಸಾಕು ಮೇಡಂ. ನೋವು ಬಂದ್ರೆ ನಿಲ್ಲಿಸಿ," ಎಂದರು.

ಹೀಗೆ ಕಳೆದ ಭಾನುವಾರ ನಾವು ಮೂವರೂ ದಾಸರಹಳ್ಳಿಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋದೆವು. ಯುಎಸ್‌ಬಿ ಗೇಮ್‌ಪ್ಯಾಡ್ ಕೊಳ್ಳಲು.

ಅಂಗಡಿಯವರು ಮೊದಲು ಇಳಿಸಿದ್ದು ಎರಡು ಕೊಂಬಿರುವ ದೊಡ್ಡ ಪ್ಯಾಡು. ನಡುವೆ ಅಣಬೆಯಂಥ ಎರಡು ಕೋಲು, ಕೆಂಪು ಲೈಟು, ಆಟದಲ್ಲಿ ಗುದ್ದಿದರೆ ಕೈಯಲ್ಲೇ ನಡುಗುತ್ತದೆ ಬೇರೆ. "ಸಾರ್, ಸಕ್ಕತ್ ಮೂವಿಂಗು ಇದು, ಎಲ್ರೂ ಇದನ್ನೇ ತಗೊಳ್ಳೋದು!"

ಸಿಂಧು ಬೇಡವೆಂದು ತಲೆಯಾಡಿಸಿದಳು. "ಹಳೇ ಗೇಮಿಗೆ ಆ ಕೋಲು ಯಾಕಣ್ಣಾ? ಎಡಗಡೆ ಪ್ಲಸ್ ಗುರುತಿನ ಬಟನ್ ಚೆನ್ನಾಗಿರ್ಬೇಕು, ಬಲಗಡೆ ಒತ್ತೋ ಬಟನ್ ಮೆತ್ತಗಿರ್ಬೇಕು. ಅಷ್ಟೇ."

"ಬಾಕ್ಸ್ ತೆಗೀರಿ, ಒತ್ತಿ ನೋಡ್ಬೇಕು," ಎಂದರು ಇವರು.

"ಸೀಲ್ ಒಡೆಯಕ್ಕಾಗಲ್ಲ ಸಾರ್."

ಆಗ ನಾನು ಬಾಯಿ ಹಾಕಿದೆ. "ಬಳೆ ಅಂಗಡೀಲಿ ಕೈಗೆ ಹಾಕಿ ನೋಡ್ದೆ ಯಾರಾದ್ರೂ ಬಳೆ ತಗೋತಾರೇನಪ್ಪಾ? ಇದೂ ಕೈಗೇ ತಾನೇ?"

ಅವರು ನಕ್ಕು ಸೀಲ್ ಒಡೆದರು. (ಒಳ್ಳೆಯ ಮನುಷ್ಯ. ನಮ್ಮ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು.)

ದೊಡ್ಡ ಪ್ಯಾಡು ಇವರ ಕೈ ತುಂಬಿ ಹೋಯಿತು. ಹೆಬ್ಬೆರಳು ಬಟನ್ನನ್ನು ಮುಟ್ಟಲೇ ಇಲ್ಲ. ಎರಡನೆಯದು ಚಪ್ಪಟೆ, ಹಗುರ. ಅದರ ಬಟನ್ ಎಷ್ಟು ಗಟ್ಟಿಯೆಂದರೆ ನನ್ನ ಬೆರಳೇ ನೋಯಿತು. ಅಂಚು ಅಂಗೈಗೆ ಚುಚ್ಚುತ್ತಿತ್ತು. ಮೂರನೆಯದರ ಡಬ್ಬಿ ಬಿಸಿಲಿಗೆ ಬಣ್ಣ ಕಳೆದುಕೊಂಡು ಶೋಕೇಸಿನ ಮೂಲೆಯಲ್ಲಿತ್ತು. ಬೂದು ಬಣ್ಣ, ಲೈಟಿಲ್ಲ, ನಡುಕವಿಲ್ಲ.

ಇವರು ಅದರ ಬಟನ್ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡೇ, ಒತ್ತಿದ್ಮೇಲೆ ಇದೇ ನನ್ ಬೆರಳನ್ನ ಮೇಲಕ್ಕೆ ಎತ್ತುತ್ತೆ," ಎಂದರು.

"ಸಾರ್, ಅದು ಓಲ್ಡ್ ಸ್ಟಾಕು. ಹುಡುಗ್ರು ಯಾರೂ ಮುಟ್ಟಲ್ಲ."

"ನಾನೂ ಓಲ್ಡ್ ಸ್ಟಾಕೇ ಕಣಪ್ಪ. ಪ್ಯಾಕ್ ಮಾಡು."

ಅಷ್ಟು ದಿನಗಳಲ್ಲಿ ಇವರು ಮಾಡಿದ ಮೊದಲ ಜೋಕು. ಆ ಪ್ಯಾಡಿನ ಬೆಲೆ ನನಗೆ ಅಲ್ಲೇ ವಸೂಲಾಯಿತು.

ಆದರೆ ಮನೆಯಲ್ಲಿ ಆಟ ಕೈಹತ್ತಲಿಲ್ಲ. ಸಿಂಧು ಗೇಮ್ ಹಾಕಿಕೊಟ್ಟು, ಇಂಟರ್ನಲ್ಸ್ ಪರೀಕ್ಷೆ ಮುಗಿಯುವವರೆಗೂ ಪ್ಯಾಡ್ ಮುಟ್ಟುವುದಿಲ್ಲವೆಂದು ಓದಲು ಕೂತಳು. ಇವರು ದಿನವೂ ಆಡಿದರು. ಪುಟಾಣಿ ಮನುಷ್ಯ ಓಡುತ್ತಾನೆ, ಗುಂಡಿ ಬರುತ್ತದೆ, ಇವರು ಬಟನ್ ಒತ್ತುತ್ತಾರೆ, ಅವನು ತಡವಾಗಿ ಹಾರಿ ಒಳಗೆ ಬೀಳುತ್ತಾನೆ. ಅದೇ ಮೊದಲನೇ ಗುಂಡಿ. ವಾರವಿಡೀ.

ಈ ಭಾನುವಾರ ಮಧ್ಯಾಹ್ನ ಇವರು ಪ್ಯಾಡನ್ನು ಮೆಲ್ಲಗೆ ಟೇಬಲ್ ಮೇಲಿಟ್ಟರು. ಎಸೆದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಅಂಗಡೀಲಿ ಏನೋ ಆಗ್ತಿತ್ತು. ಈಗ ಅದೂ ಇಲ್ಲ. ಜಾರುತ್ತೆ ಬೆರಳು. ನಾಳೆ ಸೂಪರ್‌ವೈಸರ್‌ಗೆ ಫೋನ್ ಮಾಡಿ ಸ್ಟೋರ್ಸ್‌ಗೇ ಹಾಕಿ ಅಂದ್ಬಿಡ್ತೀನಿ."

ಕಾಫಿ ಮಾಡಲು ಎದ್ದು ಹೋದೆ. (ಇಂಥ ಹೊತ್ತಿನಲ್ಲಿ ನಾವೆಲ್ಲ ಮಾಡುವ ಕೆಲಸ ಅದೇ ತಾನೇ?)

ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಾಲ್‌ನಿಂದ ಸಿಂಧುವಿನ ಕೂಗು ಕೇಳಿಸಿತು. ಪುಸ್ತಕ ಬಿಟ್ಟೆದ್ದು, ಅಪ್ಪನಿಗೆ ತೋರಿಸಿಕೊಡಲೆಂದು ತಾನೇ ಆಡಲು ಕೂತಿದ್ದಳು. ಅವಳ ಮನುಷ್ಯನೂ ಮೊದಲನೇ ಗುಂಡಿಗೇ ಬಿದ್ದಿದ್ದ! ಎರಡನೇ ಸಲವೂ ಬಿದ್ದ.

"ಅಪ್ಪಾ, ನಿನ್ ಬೆರಳಲ್ಲ! ಇದು ಅಜ್ಜಿ ಕವರು!"

ನೋಡಿದೆ. ಪ್ಯಾಡಿಗೆ ದಪ್ಪನೆಯ ಪ್ಲಾಸ್ಟಿಕ್ ಕವರು. ಎರಡು ತುದಿಗೂ ರಬ್ಬರ್ ಬ್ಯಾಂಡು. ತಂದ ದಿನ ನಾವು ಊಟಕ್ಕೆ ಕೂತಿದ್ದಾಗ ಅತ್ತೆ ಸುತ್ತಿಟ್ಟಿದ್ದರು. ಬಟನ್ನಿಗೂ ಬೆರಳಿಗೂ ನಡುವೆ ಪ್ಲಾಸ್ಟಿಕ್ ಸುಕ್ಕುಗಟ್ಟಿ, ಒತ್ತಿದರೆ ಜಾರುತ್ತಿತ್ತು, ಬಿಟ್ಟರೆ ಅಂಟುತ್ತಿತ್ತು.

ವಾರವಿಡೀ ಯಾರಿಗೂ ಕಾಣಲಿಲ್ಲವೇ ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ರಿಮೋಟಿಗೆ ಕವರ್, ಮಿಕ್ಸಿಗೆ ಕವರ್, ಫ್ರಿಜ್ಜಿನ ಹಿಡಿಗೂ ಕವರ್. ಕವರಿಲ್ಲದ ವಸ್ತುವಿದ್ದರೆ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ನಿಮ್ಮ ಮನೆಯಲ್ಲಿ ಹೀಗಿಲ್ಲವೇ? ನಿಜ ಹೇಳಿ.

"ಅಂಗೇ ಬಿಟ್ರೆ ಧೂಳು ಇಡೀತದೆ ಕಣವ್ವಾ," ಎಂದರು ಅತ್ತೆ. "ದುಡ್ಡು ಕೊಟ್ಟು ತಂದಿರೋದು. ರಿಮೋಟ್‌ಗೆ ಆಕಿಲ್ವಾ?"

"ಅಜ್ಜೀ, ರಿಮೋಟ್ ಇಟ್ಕೊಂಡು ಯಾರೂ ಗುಂಡಿ ಹಾರಲ್ಲ!"

ಸಿಂಧು ಕವರ್ ಕಿತ್ತಳು. ಪ್ಯಾಡನ್ನು ಅಪ್ಪನ ಕೈಗಿಟ್ಟಳು. ಇವರು ಬೇಡವೆನ್ನುವಂತೆ ಮುಖ ಮಾಡಿದರೂ ಹಿಡಿದುಕೊಂಡರು. ಪುಟಾಣಿ ಮನುಷ್ಯ ಓಡಿದ. ಗುಂಡಿ ಬಂತು. ಹೆಬ್ಬೆರಳು ಒತ್ತಿತು.

ದಾಟಿದ.

ಎರಡನೆಯದನ್ನೂ ದಾಟಿದ. ಮೂರನೆಯದಕ್ಕೆ ಬಿದ್ದ. "ಅಯ್ಯೋ, ಚೂರು ಮುಂಚೆ ಒತ್ತೋದಲ್ವೇನ್ಲಾ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಅತ್ತೆ.

ಬೆರಳು ಪೂರಾ ಸರಿಹೋಗಿದೆಯೆಂದು ನಾನು ಹೇಳುತ್ತಿಲ್ಲ. ಸ್ವಲ್ಪ ಹೊತ್ತಿಗೆ ನೋವು ಬಂದು ಇವರೇ ನಿಲ್ಲಿಸಿದರು. ಆದರೆ ನನಗೆ ಅನ್ನಿಸಿದ್ದು ಇಷ್ಟು: ಕೈಲಾಗದು ಎಂದು ನಾವು ಬಿಟ್ಟ ಎಷ್ಟೋ ಕೆಲಸಗಳಲ್ಲಿ ತಪ್ಪು ನಿಜವಾಗಿಯೂ ಕೈಯದೇ ಆಗಿತ್ತೇ? ಸ್ಕೂಟರ್ ಕಲಿಯಲು ನನ್ನಿಂದಾಗದು ಎಂದು ಬಿಟ್ಟವಳು ನಾನು. ಈಗ ಯೋಚಿಸಿದರೆ, ಅವತ್ತಿನ ಆ ಗಾಡಿಗೆ ಬ್ರೇಕೇ ಸರಿಯಿರಲಿಲ್ಲ. ನಾನೋ ನನ್ನನ್ನೇ ಬೈದುಕೊಂಡು ಇಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದೆ.

ಇವರು ಸೋಮವಾರದವರೆಗೆ ಕಾಯಲಿಲ್ಲ. ಸಂಜೆಯೇ ಸೂಪರ್‌ವೈಸರ್‌ಗೆ ಫೋನ್ ಮಾಡಿದರು. ನಾನು ಬಾಗಿಲ ಬಳಿ ಟವೆಲ್ ಮಡಿಸುವ ನೆಪದಲ್ಲಿ ನಿಂತಿದ್ದೆ.

"ಸಾರ್, ಸ್ಟೋರ್ಸ್ ಬೇಡ ಸಾರ್. ಇನ್ನೊಂದು ತಿಂಗ್ಳು ಟೈಮ್ ಕೊಡಿ. ನನ್ ಜಾಗಕ್ಕೆ ಬೇರೆಯೋರ್ನ ಹಾಕ್ಬೇಡಿ." ಆ ಕಡೆಯಿಂದ ಏನೋ ಹೇಳಿದರು. ಇವರು ನಕ್ಕರು. "ಥ್ಯಾಂಕ್ಸ್ ಸಾರ್. ಮುಂದಿನ ತಿಂಗ್ಳು ನನ್ ಜಾಗಕ್ಕೇ ಬರ್ತೀನಿ ಸಾರ್."

ರಾತ್ರಿ ದಂಟಿನ ಸೊಪ್ಪಿನ ಬಸ್ಸಾರು, ರಾಗಿಮುದ್ದೆ. ಅಪಘಾತವಾದಾಗಿನಿಂದ ಚಮಚದಲ್ಲಿ ಅನ್ನ ತಿನ್ನುತ್ತಿದ್ದವರು ನನಗೂ ಮುದ್ದೆ ಹಾಕು ಎಂದರು. ಮುರಿಯಲು ಹೆಬ್ಬೆರಳು ಒದ್ದಾಡಿತು, ಸಾರು ಮೊಣಕೈವರೆಗೆ ಇಳಿಯಿತು. ಅರ್ಧ ಮುದ್ದೆ ತಿಂದು, ಉಳಿದದ್ದಕ್ಕೆ ಚಮಚ ಕೇಳಿದರು. ಕೊಟ್ಟೆ.

ಅತ್ತೆ ಧಾರಾವಾಹಿ ನೋಡುತ್ತಿದ್ದರು, ಸಿಂಧು ಓದುತ್ತಿದ್ದಳು, ನಾನು ಪಾತ್ರೆ ತೊಳೆಯುತ್ತಿದ್ದೆ. ಎಲ್ಲರಿಗಿಂತ ಮೊದಲು ಮಲಗಿ ಗೊರಕೆ ಹೊಡೆದವರು ಇವರೇ. ವಾಪಸು ಹೋಗಲು ತನ್ನದೊಂದು ಜಾಗವಿದೆಯೆಂದು ಗೊತ್ತಾದ ಮನುಷ್ಯನಿಗೆ ನಿದ್ದೆ ಎಷ್ಟು ಬೇಗ ಬರುತ್ತದೆ, ನೋಡಿದ್ದೀರಾ?